9.98ರ ರೀಮರ್ ಯಾಕೆ ಬೇಕಿತ್ತು

ಇಪ್ಪತ್ತೆಂಟು ವರ್ಷ ನಾನು ರೀಮರ್ ಕೊಂಡಿದ್ದೇನೆ, ಅಂದರೆ ಡ್ರಿಲ್ ಕೊರೆದ ತೂತನ್ನು ಹೆರೆದು ನಿಖರ ಗಾತ್ರಕ್ಕೆ ತರುವ ಉಪಕರಣ. ಅವುಗಳಲ್ಲಿ ಒಂದನ್ನೂ ತಿರುಗಿಸಿ ನೋಡಿರಲಿಲ್ಲ.

ಪೀಣ್ಯದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕುಳಿತು, ಟೂಲ್ ರೂಮಿನಿಂದ ಬರುತ್ತಿದ್ದ ಇಂಡೆಂಟುಗಳನ್ನು, ಅಂದರೆ ಬೇಡಿಕೆ ಚೀಟಿಗಳನ್ನು ಓದಿ, ಮೂರು ಕಡೆಯಿಂದ ದರಪಟ್ಟಿ ತರಿಸಿ, ಕಡಿಮೆ ಬೆಲೆಯದಕ್ಕೆ ಗುರುತು ಹಾಕಿ ಮೇಲಿನವರ ಸಹಿಗೆ ಕಳಿಸುವುದು ನನ್ನ ಉದ್ಯೋಗ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದೆ ನಿಜ. ಆದರೆ ಕೈಗೆ ಎಣ್ಣೆ ಅಂಟಿದ್ದು ಓದುವಾಗ ಎರಡು ವರ್ಷ, ಆಮೇಲೆ ಸ್ಕೂಟರ್ ಕೆಟ್ಟಾಗ. ರೀಮರ್ ಎಂದರೆ ನನಗೆ ಒಂದು ಕೋಡ್ ಸಂಖ್ಯೆ, ಒಂದು ಗಾತ್ರ, ಒಂದು ಬೆಲೆ.

ನಮ್ಮ ಟೂಲ್ ರೂಮಿನ ಫೋರ್‌ಮನ್ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕಲಿತು ಬಂದವರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಆ ಕಾರ್ಖಾನೆಯ ಮೊದಮೊದಲ ತಂಡಗಳಲ್ಲಿ ಕಲಿತವರಿಗೆ ಒಂದು ಬಗೆಯ ಗತ್ತು ಇರುತ್ತಿತ್ತು. ಇವರಿಗೆ ಅದು ತುಸು ಹೆಚ್ಚಾಗಿಯೇ ಇತ್ತು. ಅವರ ಇಂಡೆಂಟಿನ ಅಕ್ಷರ ಮುತ್ತು ಪೋಣಿಸಿದಂತೆ, ಗಾತ್ರಗಳು ಮಾತ್ರ ವಿಚಿತ್ರ. 10 ಮಿ.ಮೀ. ರೀಮರ್ ಆರು. ಸರಿ. ಅದರ ಕೆಳಗೆ 9.98 ರೀಮರ್ ಎರಡು. ಅದರ ಕೆಳಗೆ 9.8ರ ಡ್ರಿಲ್ ಒಂದು ಡಜನ್, 7.8 ಒಂದು ಡಜನ್, 11.8 ಅರ್ಧ ಡಜನ್. ಒಮ್ಮೆ ನಾನು ಬುದ್ಧಿವಂತಿಕೆ ತೋರಿಸಿದೆ. 9.98ನ್ನು ಹೊಡೆದುಹಾಕಿ 10ರ ಲೆಕ್ಕಕ್ಕೆ ಸೇರಿಸಿ ಎಂಟು ಮಾಡಿದೆ, 9.8ರ ಡ್ರಿಲ್ಲುಗಳನ್ನೂ 10 ಮಾಡಿದೆ. ಒಟ್ಟಿಗೆ ಕೊಂಡರೆ ರಿಯಾಯಿತಿ ಇತ್ತು.

ಫೋರ್‌ಮನ್ ಮೆಟ್ಟಿಲು ಹತ್ತಿ ನನ್ನ ಮೇಜಿಗೇ ಬಂದರು. "ಸ್ವಾಮಿ, ನಿಮ್ಮ ಚಪ್ಪಲಿಯ ನಂಬರು ಎಷ್ಟು?" ಎಂದರು.

"ಎಂಟು."

"ಒಂಬತ್ತರದು ಡಜನ್ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ತಂದುಕೊಟ್ಟರೆ ಹಾಕಿಕೊಂಡು ಮನೆಗೆ ಹೋಗುತ್ತೀರಾ?"

ಪಕ್ಕದ ಮೇಜಿನವರು ನಕ್ಕರು. ನಾನು ಹಳೆಯ ಇಂಡೆಂಟನ್ನೇ ಮತ್ತೆ ಟೈಪ್ ಮಾಡಿಸಿದೆ. ಆದರೆ ಮಿಲಿಮೀಟರಿನ ನೂರನೇ ಎರಡು ಭಾಗಕ್ಕೆ ಇಷ್ಟು ರಂಪ ಯಾಕೆ ಎಂಬುದು ನನಗೆ ಅರ್ಥವಾಗಲಿಲ್ಲ. ಕೇಳುವ ವಿನಯವೂ ಆಗ ಇರಲಿಲ್ಲ. ಟೂಲ್ ರೂಮಿನವರ ಜಂಬ ಎಂದುಕೊಂಡು ಮರೆತೆ.

ನಿವೃತ್ತಿಯಾದ ಮೇಲೆ, ಕಾರು ನಿಲ್ಲಿಸಲೆಂದು ಕಟ್ಟಿಸಿ ಕಾರನ್ನೇ ಕೊಳ್ಳದೆ ಖಾಲಿ ಬಿದ್ದಿದ್ದ ಜಾಗದಲ್ಲಿ ಲೋಹವನ್ನು ತಿರುಗಿಸಿ ಕೆತ್ತುವ ಒಂದು ಪುಟ್ಟ ಲೇತ್ ತಂದಿಟ್ಟುಕೊಂಡೆ. ಸೆಕೆಂಡ್ ಹ್ಯಾಂಡ್, ಬೆಂಚಿನ ಮೇಲೆ ಕೂರುವಂಥದ್ದು, ಸಿಂಗಲ್ ಫೇಸ್ ಮೋಟಾರು. ಜೊತೆಗೆ ಕಂಬದ ಮೇಲೆ ನಿಲ್ಲುವ ಒಂದು ಡ್ರಿಲ್ ಯಂತ್ರ, ಒಂದು ವೈಸ್. ಮನೆಯಾಕೆಗೆ ಇದು ದೊಡ್ಡ ಆಟಿಕೆ, ಬೀದಿಯ ಮಕ್ಕಳಿಗೆ ಸಣ್ಣ ಕಾರ್ಖಾನೆ.

ಮೊದಲ ಕೆಲಸ ಡ್ರಿಲ್ ಯಂತ್ರದ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಟ್ಟ ರಾಟೆ. 10 ಮಿ.ಮೀ. ಪಿನ್ನಿನ ಮೇಲೆ ಅದು ತಿರುಗಬೇಕು, ಅಲ್ಲಾಡಬಾರದು. ನೇರವಾಗಿ 10ರ ಡ್ರಿಲ್ ಹಾಕಿದೆ. ಪಿನ್ ತೂರಿಸಿದರೆ ಗಂಟೆಯ ನಾಲಗೆಯಂತೆ ಅತ್ತಿಂದಿತ್ತ ಹೊಡೆದಾಡಿತು. ಡ್ರಿಲ್ ತೂತು ಕೊರೆಯುತ್ತದೆ, ಹೇಳಿದ ಗಾತ್ರದ ದುಂಡನೆಯ ತೂತು ಕೊರೆಯುವುದಿಲ್ಲ ಎಂದು ಆಗ ಕಣ್ಣಾರೆ ಕಂಡೆ. ಅದರ ತುದಿಯ ಎರಡು ಅಂಚುಗಳಲ್ಲಿ ಒಂದು ಕೂದಲೆಳೆ ಉದ್ದವಾಗಿದ್ದರೂ ತೂತು ತನ್ನ ಗಾತ್ರಕ್ಕಿಂತ ಹಿಗ್ಗುತ್ತದೆ. ತೆಳು ತಗಡಿನಲ್ಲಂತೂ ಮೂರು ಮೂಲೆಯ ತೂತು ಆಗುವುದನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು.

ರೀಮರ್ ಬರುವುದು ಇಲ್ಲಿಗೆ. ಉದ್ದುದ್ದ ಹಲ್ಲುಗಳಿರುವ ಸಲಾಕೆ ಅದು, ಸಾಮಾನ್ಯವಾಗಿ ಆರು ಅಥವಾ ಎಂಟು ಹಲ್ಲು. ಇರುವ ತೂತಿನ ಗೋಡೆಯಿಂದ ತೆಳುವಾದ ಒಂದು ಪದರ ಹೆರೆದು, ಅದನ್ನು ನಿಖರ ಗಾತ್ರಕ್ಕೆ, ದುಂಡಗೆ, ನುಣುಪಾಗಿ ತರುವುದಷ್ಟೇ ಅದರ ಕೆಲಸ. ತೂತು ಹುಟ್ಟಿಸುವುದು ಅದಕ್ಕೆ ಗೊತ್ತಿಲ್ಲ. ಓರೆಯಾಗಿ ಕೊರೆದ ತೂತನ್ನು ನೇರ ಮಾಡುವುದೂ, ಜಾಗ ತಪ್ಪಿದ ತೂತನ್ನು ಜಾಗಕ್ಕೆ ತರುವುದೂ ಅದರ ಕೈಲಾಗದು. ಮುಂದೆ ಹೋದ ಡ್ರಿಲ್ ಯಾವ ದಾರಿ ಹಿಡಿದಿತ್ತೋ ಅದೇ ದಾರಿಯಲ್ಲಿ, ಕುರುಡನಂತೆ, ಆದರೆ ಅಚ್ಚುಕಟ್ಟಾಗಿ ನಡೆಯುತ್ತದೆ.

ನನಗೆ ಇದು ತಿಳಿದಿರಲಿಲ್ಲ. ನರಸಿಂಹರಾಜ ರಸ್ತೆಗೆ ಹೋಗಿ 10ರ ಮಶೀನ್ ರೀಮರ್ ತಂದೆ. ಹೊಚ್ಚ ಹೊಸದು, ಮೇಣದಲ್ಲಿ ಅದ್ದಿದ ತುದಿ. ಹೊಸ ರಾಟೆಗೆ 9.5ರ ಡ್ರಿಲ್ ಹಾಕಿದೆ. ಮನೆಯಲ್ಲಿ ಇದ್ದದ್ದು ಅದೇ. ಲೇತಿನ ಚಕ್ಕು ಕೆಲಸದ ತುಂಡನ್ನು ಕಚ್ಚಿ ತಿರುಗಿಸುತ್ತದೆ, ಅದರ ಎದುರಿಗಿರುವ ಟೇಲ್‌ಸ್ಟಾಕ್ ಉಪಕರಣವನ್ನು ಹಿಡಿದು ಮುಂದಕ್ಕೆ ತಳ್ಳುತ್ತದೆ. ಟೇಲ್‌ಸ್ಟಾಕಿನ ಡ್ರಿಲ್ ಚಕ್ಕಿನಲ್ಲಿ ರೀಮರನ್ನು ಗಟ್ಟಿಯಾಗಿ ಕಚ್ಚಿಸಿ, ಡ್ರಿಲ್ ಮಾಡಿದ ವೇಗದಲ್ಲೇ, ಎಣ್ಣೆಯಿಲ್ಲದೆ, ಹೆದರಿ ಹೆದರಿ ನಿಧಾನಕ್ಕೆ ಒಳಗೆ ತಳ್ಳಿದೆ. ಯಂತ್ರ ಕಿರುಚಿತು. ಇಡೀ ಬೆಂಚು ನಡುಗಿತು. ಕಿರುಚುತ್ತಿದೆಯಲ್ಲ ಎಂದು ಇನ್ನೂ ನಿಧಾನ ಮಾಡಿದೆ, ಆಮೇಲೆ ಗಾಬರಿಯಲ್ಲಿ ಚಕ್ಕನ್ನು ಹಿಂದಕ್ಕೆ ತಿರುಗಿಸಿ ಹೊರಗೆಳೆದೆ. ಹೀಗೆ ಒಂದೇ ತೂತಿನಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದೆ. ತೂತಿನ ಬಾಯಿ 10.06, ಒಳಗೋಡೆಯಲ್ಲಿ ತಂಬಿಟ್ಟಿನ ಅಚ್ಚಿನಂತೆ ಗೀರುಗೀರು ನಕ್ಷೆ.

ಆ ತಪ್ಪುಗಳನ್ನು ಬಿಡಿಸಿಕೊಳ್ಳಲು ನನಗೆ ಒಂದು ಮಳೆಗಾಲ ಹಿಡಿಯಿತು.

ಮೊದಲನೆಯದು, ಅರ್ಧ ಮಿಲಿಮೀಟರ್ ರೀಮರಿಗೆ ತೀರಾ ಹೆಚ್ಚಿನ ಊಟ. 10ರ ತೂತಿಗೆ ಯಂತ್ರದಲ್ಲಿ ರೀಮರ್ ಹಾಕುವುದಾದರೆ ಸುಮಾರು 0.2 ಉಳಿಸಬೇಕು, ಕೈಯಿಂದಾದರೆ ಇನ್ನೂ ಕಡಿಮೆ, 0.1ರ ಆಸುಪಾಸು. ತೀರಾ ಕಡಿಮೆ ಉಳಿಸಿದರೂ ಕಷ್ಟ. ಹಲ್ಲು ಕತ್ತರಿಸುವ ಬದಲು ಉಜ್ಜತೊಡಗುತ್ತದೆ, ಗೋಡೆ ಗಾಜಿನಂತೆ ಗಡುಸಾಗುತ್ತದೆ, ರೀಮರ್ ವ್ಯರ್ಥವಾಗಿ ಸವೆಯುತ್ತದೆ. ಅಂದರೆ 10ರ ರೀಮರ್ ಕೊಂಡವನು ಅದರ ಜೊತೆಗೇ 9.8ರ ಡ್ರಿಲ್ ಕೊಳ್ಳಬೇಕು. 8ಕ್ಕೆ 7.8, 12ಕ್ಕೆ 11.8. ಫೋರ್‌ಮನ್ ಅವರ ಡಜನ್ ಡ್ರಿಲ್ಲುಗಳ ಗುಟ್ಟು ಇಪ್ಪತ್ತು ವರ್ಷ ತಡವಾಗಿ ಹೀಗೆ ಬಯಲಾಯಿತು. ಆ ದಿನ ಗ್ಯಾರೇಜಿನಲ್ಲಿ ಒಬ್ಬನೇ ನಾಚಿಕೊಂಡೆ.

ಎರಡನೆಯದು ವೇಗ. ಡ್ರಿಲ್ ವೇಗದ ಅರ್ಧ, ಆಗದಿದ್ದರೆ ಮೂರನೇ ಒಂದು ಪಾಲು. ಮೆತು ಉಕ್ಕಿನಲ್ಲಿ ಹಲ್ಲಿನ ಅಂಚು ನಿಮಿಷಕ್ಕೆ ಎಂಟು ಮೀಟರ್ ಓಡಿದರೆ ಸಾಕು. 10 ಮಿ.ಮೀ. ರೀಮರಿಗೆ ಅದು ಸುಮಾರು 250 ಸುತ್ತು. ಆದರೆ ಮುಂದಕ್ಕೆ ತಳ್ಳುವುದು ಮಾತ್ರ ಡ್ರಿಲ್ಲಿಗಿಂತ ಎರಡು ಮೂರು ಪಟ್ಟು ಜೋರಾಗಿರಬೇಕು. ನಿಧಾನವಾಗಿ ತಿರುಗಿಸು, ಧೈರ್ಯವಾಗಿ ತಳ್ಳು. ನನ್ನಂಥ ಪುಕ್ಕಲರ ಸ್ವಭಾವಕ್ಕೆ ಇದು ತಲೆಕೆಳಗು. ಹೆದರಿ ಮೆಲ್ಲಗೆ ತಳ್ಳಿದಷ್ಟೂ ಹಲ್ಲುಗಳು ಜಾರಿ ಜಾರಿ ನಡುಗುತ್ತವೆ. ಆ ನಡುಕವನ್ನು ತಡೆಯಲೆಂದೇ ತಯಾರಕರು ಹಲ್ಲುಗಳ ನಡುವಿನ ಅಂತರವನ್ನು ಬೇಕೆಂದೇ ತುಸು ಹೆಚ್ಚು ಕಡಿಮೆ ಇಟ್ಟಿರುತ್ತಾರೆ. ನಾನು ಮೊದಲ ಸಲ ಅದನ್ನು ಗಮನಿಸಿದಾಗ ಕಳಪೆ ಮಾಲು ಎಂದುಕೊಂಡು ಅಂಗಡಿಗೆ ವಾಪಸು ಕೊಡಲು ಹೊರಟಿದ್ದೆ.

ಮೂರನೆಯದು, ಹಿಂದಕ್ಕೆ ತಿರುಗಿಸುವುದು. ಇದೊಂದನ್ನು ಯಾವ ಕಾರಣಕ್ಕೂ ಮಾಡಬಾರದು. ಕತ್ತರಿಸಿದ ಚೂರು ಹಲ್ಲಿನ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿ ಹರಿತವಾದ ಅಂಚನ್ನು ಚಕ್ಕೆ ಎಬ್ಬಿಸುತ್ತದೆ. ಹೊರಗೆ ತೆಗೆಯುವಾಗಲೂ ಮುಂದಿನ ದಿಕ್ಕಿಗೇ ತಿರುಗಿಸುತ್ತಾ ಎಳೆಯಬೇಕು. ತೂತಿನೊಳಗೆ ತಿರುಪಿನ ಗೆರೆ ಕೊರೆಯುವ ಟ್ಯಾಪ್ ಹಾಕಿ ಅಭ್ಯಾಸವಾದ ಕೈಗೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬುದು ರಕ್ತಗತವಾಗಿರುತ್ತದೆ. ರೀಮರ್ ಹಿಡಿದಾಗ ಆ ಕೈಯನ್ನು ಕಟ್ಟಿಹಾಕಬೇಕು.

ಇನ್ನು ಟೇಲ್‌ಸ್ಟಾಕ್. ಇದು ಎಲ್ಲಕ್ಕಿಂತ ಕಾಡಿದ್ದು. ನನ್ನ ಹಳೆಯ ಲೇತಿನ ಟೇಲ್‌ಸ್ಟಾಕ್ ಚಕ್ಕಿನ ನಡುಗೆರೆಗಿಂತ ಮಿಲಿಮೀಟರಿನ ನೂರನೇ ಐದು ಭಾಗದಷ್ಟು ಪಕ್ಕಕ್ಕಿತ್ತು. ಡ್ರಿಲ್ ತೆಳ್ಳಗೆ ಬಳುಕುವುದರಿಂದ ಹೇಗೋ ಹೊಂದಿಕೊಳ್ಳುತ್ತದೆ. ಗಟ್ಟಿಯಾಗಿ ಹಿಡಿದ ರೀಮರ್ ಹೊಂದಿಕೊಳ್ಳುವುದಿಲ್ಲ. ತೂತಿನ ಬಾಯನ್ನು ಓಲಗದ ಬಾಯಿಯಂತೆ ಅಗಲಿಸುತ್ತಾ ಒಳಗೆ ಹೋಗುತ್ತದೆ. ಅದಕ್ಕಾಗಿ ಕಾರ್ಖಾನೆಗಳಲ್ಲಿ ರೀಮರನ್ನು ತುಸು ಓಲಾಡಲು ಬಿಡುವ ಫ್ಲೋಟಿಂಗ್ ಹೋಲ್ಡರ್ ಬಳಸುತ್ತಾರೆ. ನನ್ನ ಬಳಿ ಅದಿಲ್ಲ. ಬದಲಿಗೆ ಕೈ ರೀಮರ್ ತಂದುಕೊಂಡೆ. ಅದರ ಹಿಂಬದಿಯ ಚೌಕದ ತುದಿಯಲ್ಲಿ ಒಂದು ಸಣ್ಣ ಸೆಂಟರ್ ಕುಳಿ ಇರುತ್ತದೆ. ಆ ಕುಳಿಗೆ ಟೇಲ್‌ಸ್ಟಾಕಿನ ಮೊನೆಯನ್ನು ಆನಿಸಿ, ಚೌಕಕ್ಕೆ ಟ್ಯಾಪ್ ಹ್ಯಾಂಡಲ್ ಹಾಕಿ, ಮೋಟಾರನ್ನು ಪ್ಲಗ್ಗಿನಿಂದಲೇ ಕಿತ್ತಿಟ್ಟು, ಚಕ್ಕನ್ನು ಕೈಯಲ್ಲಿ ತಿರುಗಿಸುತ್ತಾ ಟೇಲ್‌ಸ್ಟಾಕಿನ ಚಕ್ರವನ್ನು ಒತ್ತುತ್ತಾ ಹೋಗುತ್ತೇನೆ. ಒಂದು ತೂತಿಗೆ ಐದು ನಿಮಿಷ. ಕಾರ್ಖಾನೆಯಲ್ಲಿ ಹೀಗೆ ಮಾಡಿದವನಿಗೆ ಮರುದಿನ ಕೆಲಸ ಇರುವುದಿಲ್ಲ. ನನಗೆ ಕೆಲಸವೇ ಇಲ್ಲ, ಐದು ನಿಮಿಷ ಬೇಕಾದಷ್ಟಿವೆ.

ತೂತು ನಡುಗೆರೆಯಲ್ಲೇ ಬರಬೇಕಾದ ಜಾಗಗಳಲ್ಲಿ ಈ ಉಪಾಯವೂ ಸಾಲದು. 9ರ ಡ್ರಿಲ್ ಹಾಕಿ, ಸಣ್ಣ ಬೋರಿಂಗ್ ಟೂಲಿನಿಂದ 9.8ಕ್ಕೆ ಬೋರ್ ಮಾಡಿ, ಆಮೇಲೆ ರೀಮರ್. ಬೋರಿಂಗ್ ಟೂಲ್ ತೂತನ್ನು ಅದರ ಜಾಗಕ್ಕೆ ತರುತ್ತದೆ, ರೀಮರ್ ಗಾತ್ರಕ್ಕೆ ತರುತ್ತದೆ.

ಗಾತ್ರ ಎಂದೆನಲ್ಲ, ಆ ಲೆಕ್ಕ ಬಲು ಸೊಗಸಾದದ್ದು. ರೀಮರ್ ಮೇಲೆ '10 ಎಚ್7' ಎಂದು ಕೊರೆದಿರುತ್ತದೆ. ತೂತು 10.000ಕ್ಕಿಂತ ಕಿರಿದಾಗಬಾರದು, 10.015ಕ್ಕಿಂತ ಹಿರಿದಾಗಬಾರದು ಎಂದು ಅದರ ಅರ್ಥ. ಹದಿನೈದು ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಆ ಓಣಿ ತಲೆಗೂದಲಿನ ದಪ್ಪದ ಐದನೇ ಒಂದು ಪಾಲಿನಷ್ಟು. ಹೊಸ ರೀಮರ್ ತಾನು 10.006ರಿಂದ 10.012ರ ನಡುವೆ ಇರುತ್ತದೆ. ಮೇಲೆ ಒಂದಿಷ್ಟು ಜಾಗ ಬಿಟ್ಟಿರುವುದು, ಎಷ್ಟೇ ಜೋಪಾನ ಮಾಡಿದರೂ ತೂತು ರೀಮರಿಗಿಂತ ಒಂದೆರಡು ಮೈಕ್ರಾನ್ ದೊಡ್ಡದಾಗುತ್ತದೆಂಬ ಅರಿವಿನಿಂದ. ಕೆಳಗೆ ಬಿಟ್ಟಿರುವುದು ಸವೆಯಲಿ ಎಂದು. ಖರೀದಿ ವಿಭಾಗದಲ್ಲಿದ್ದಾಗ ಎಚ್7 ಎಂಬುದನ್ನು ನಾನು ಯಾವುದೋ ಮಾಡೆಲ್ ನಂಬರ್ ಎಂದೇ ತಿಳಿದಿದ್ದೆ.

ಈಗ 9.98. ಅಂಗಡಿಯಲ್ಲಿ ಸಿಗುವ ಗ್ರೈಂಡ್ ಮಾಡಿದ 10ರ ಸಲಾಕೆ ನಿಜವಾಗಿ 10 ಇರುವುದಿಲ್ಲ. ಒಳ್ಳೆಯದಾದರೆ 9.991ರಿಂದ 10.000ದ ನಡುವೆ ಇರುತ್ತದೆ. ಅದನ್ನು 10 ಎಚ್7 ತೂತಿಗೆ ಇಟ್ಟರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ತಿರುಗುವ ಭಾಗಕ್ಕೆ ಅದೇ ಬೇಕು. ಆದರೆ ಅದೇ ಪಿನ್ ಇನ್ನೊಂದು ಲೋಹದ ತಟ್ಟೆಯಲ್ಲಿ ಅಲ್ಲಾಡದೆ ಕಚ್ಚಿಕೊಂಡು ನಿಲ್ಲಬೇಕಲ್ಲ? ಆ ತಟ್ಟೆಗೆ 9.98ರ ರೀಮರ್ ಹಾಕಿದರೆ, ವೈಸಿನಲ್ಲಿಟ್ಟು ಒತ್ತಿದಾಗ ಪಿನ್ ಒಳಗೆ ಹೋಗಿ ಕೂರುತ್ತದೆ, ಜನ್ಮದಲ್ಲಿ ಬರುವುದಿಲ್ಲ. ಒಂದೇ ಪಿನ್, ಎರಡು ತೂತು, ಮಿಲಿಮೀಟರಿನ ನೂರನೇ ಎರಡು ಭಾಗದ ವ್ಯತ್ಯಾಸ. ಒಂದರಲ್ಲಿ ಸುತ್ತುತ್ತದೆ, ಇನ್ನೊಂದರಲ್ಲಿ ಸತ್ತರೂ ಕದಲುವುದಿಲ್ಲ. ಚಪ್ಪಲಿಯ ಉಪಮೆಯಲ್ಲಿ ಫೋರ್‌ಮನ್ ನನಗೆ ಬಹಳ ರಿಯಾಯಿತಿ ಕೊಟ್ಟಿದ್ದರು.

ಈ ವಿಷಯ ತಿಳಿದ ವಾರವೇ ಮತ್ತೆ ನರಸಿಂಹರಾಜ ರಸ್ತೆಗೆ ಹೋಗಿ 9.98 ಕೇಳಿದೆ. ಕೌಂಟರಿನ ಹುಡುಗ ಎರಡು ಡಬ್ಬ ಹುಡುಕಿ, "ಅಂಕಲ್, 10 ತೆಗೆದುಕೊಳ್ಳಿ, ಹತ್ತಿರ ಹತ್ತಿರ ಒಂದೇ" ಎಂದ. ನಾನು ಅವನ ಚಪ್ಪಲಿ ನೋಡಿದೆ. ಏನೂ ಹೇಳಲಿಲ್ಲ. ಒಳಗಿದ್ದ ಮಾಲೀಕರು ಬೇಡಿಕೆ ಬರೆದುಕೊಂಡು ನಾಲ್ಕು ದಿನದಲ್ಲಿ ತರಿಸಿಕೊಟ್ಟರು.

ಕೊಳ್ಳುವ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಮರದ ಪೆಟ್ಟಿಗೆಯಲ್ಲಿ 3ರಿಂದ 12ರವರೆಗೆ ಸಾಲಾಗಿ ಮಲಗಿಸಿಟ್ಟ ಸೆಟ್ಟನ್ನು ಮನೆಯ ಕೆಲಸಕ್ಕೆ ಕೊಳ್ಳಬಾರದು. ಪೆಟ್ಟಿಗೆ ಚೆಂದ ಕಾಣುತ್ತದೆ, ಅಷ್ಟೇ. ಮೂರು ವರ್ಷದಲ್ಲಿ ನಾನು ಬಳಸಿದ ಗಾತ್ರಗಳು 6, 8, 10, 12. ಒಮ್ಮೆ ಮಾತ್ರ 5. ಅಗ್ಗದ ಸೆಟ್ಟಿನ ಹತ್ತು ರೀಮರುಗಳ ಹಣದಲ್ಲಿ ಈ ನಾಲ್ಕನ್ನು ಚೆನ್ನೈನ ಅಡಿಸನ್‌ನಂಥ ಹಳೆಯ ಹೆಸರಿನವರಿಂದ ಕೊಳ್ಳಬಹುದು. ಶಾಫ್ಟ್ ಕೈಗೆ ಬಂದ ಮೇಲೆ, ಅದನ್ನು ಮೈಕ್ರೋಮೀಟರಿನಲ್ಲಿ ಅಳೆದ ಮೇಲೆ, ಅದಕ್ಕೆ ತಕ್ಕ ರೀಮರ್ ಕೊಳ್ಳುವುದು ನನ್ನ ಈಗಿನ ಪದ್ಧತಿ. ಮೊದಲು ಎಲ್ಲರಂತೆ ಉಲ್ಟಾ ಮಾಡುತ್ತಿದ್ದೆ.

ಹೀಗೆ ಹೇಳುವವನು ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಕಡೆಯ ಸಂಡೆ ಬಜಾರಿಗೆ ಹೋದರೆ ಪಂಚೆ ಕಟ್ಟಿದ ವಿಶ್ವಾಮಿತ್ರನ ಗತಿ. ಹಳೆಯ ಕ್ಯಾಸೆಟ್ಟು, ಚಾರ್ಜರು, ಹಿತ್ತಾಳೆಯ ಚೊಂಬುಗಳ ಪಕ್ಕದಲ್ಲಿ ಗೋಣಿಯ ಮೇಲೆ ರಾಶಿ ಹಾಕಿದ ಡ್ರಿಲ್ಲು, ಟ್ಯಾಪು, ರೀಮರು. ಮುಚ್ಚಿಹೋದ ಯಾವ ಯಾವ ಕಾರ್ಖಾನೆಗಳ ಟೂಲ್ ರೂಮುಗಳು ಅಲ್ಲಿ ಬಂದು ಬಿದ್ದಿವೆಯೋ. ನಾನೇ ಸಹಿಗೆ ಕಳಿಸಿದ ರೀಮರ್ ಒಂದು ಅಲ್ಲಿದ್ದರೂ ಆಶ್ಚರ್ಯವಿಲ್ಲ. ಜೇಬಿನಲ್ಲಿ ಮೈಕ್ರೋಮೀಟರ್, ವಾಚ್ ರಿಪೇರಿಯವರ ಭೂತಗನ್ನಡಿ ಇಟ್ಟುಕೊಂಡೇ ಹೋಗುತ್ತೇನೆ. ಮೊದಲು ಹಲ್ಲು ಎಣಿಸುತ್ತೇನೆ. ಸರಿಸಂಖ್ಯೆ ಇದ್ದರೆ ಎದುರುಬದುರು ಹಲ್ಲುಗಳ ಮೇಲೆ ಅಳೆಯಬಹುದು, ಐದು ಹಲ್ಲಿನದಾದರೆ ಸಾಮಾನ್ಯ ಮೈಕ್ರೋಮೀಟರ್ ಸುಳ್ಳು ಹೇಳುತ್ತದೆ. ಅಳೆಯಬೇಕಾದದ್ದು ಮುಂತುದಿಯ ಹತ್ತಿರ, ಏಕೆಂದರೆ ಹಿಂದಕ್ಕೆ ಹೋದಂತೆ ರೀಮರ್ ಬೇಕೆಂದೇ ಕೂದಲಷ್ಟು ಸಣ್ಣದಾಗುತ್ತದೆ. ಆಮೇಲೆ ಹೆಬ್ಬೆರಳ ಉಗುರನ್ನು ಪ್ರತಿ ಹಲ್ಲಿನ ಅಂಚಿನ ಮೇಲೆ ಮೆಲ್ಲಗೆ ಎಳೆಯುವುದು. ಸಿಕ್ಕಿಕೊಂಡರೆ ಅಲ್ಲಿ ಚಕ್ಕೆ ಎದ್ದಿದೆ. ಮಶೀನ್ ರೀಮರಿನ ಕತ್ತರಿಸುವ ಕೆಲಸವೆಲ್ಲ ಮುಂತುದಿಯ ಇಳಿಜಾರಿನ ಮೂಲೆಯಲ್ಲಿ ನಡೆಯುತ್ತದೆ. ಆ ಮೂಲೆ ಬೆಳ್ಳಗೆ ಹೊಳೆದರೆ ಮೊಂಡಾಗಿದೆ ಎಂದು ಲೆಕ್ಕ. ಮೊಂಡಾದದ್ದನ್ನು ಪೀಣ್ಯದಲ್ಲಿ ಸಾಣೆ ಹಿಡಿಸಬಹುದು, ಹಲ್ಲಿನ ಉದ್ದಕ್ಕೂ ಚಕ್ಕೆ ಎದ್ದದ್ದನ್ನು ಏನೂ ಮಾಡಲಾಗದು. ತುಕ್ಕಿನ ಕಲೆ ಹಿಡಿಯ ಮೇಲಿದ್ದರೆ ಚಿಂತೆಯಿಲ್ಲ.

ಅರವತ್ತು ರೂಪಾಯಿಗೆ ಒಂದು '3/8' ಸಿಕ್ಕಿತ್ತು. 9.5 ಎಂದುಕೊಂಡು ಹಿರಿಹಿರಿ ಹಿಗ್ಗಿ ತಂದೆ. ಇಂಚಿನ ಲೆಕ್ಕದಲ್ಲಿ ಅದು 9.525. ಇವತ್ತಿಗೂ ಅದಕ್ಕೊಂದು ಪಿನ್ ಹೊಂದಿಸಿಕೊಟ್ಟಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಇಂಥ ಏಳು ಅನಾಥರಿದ್ದಾರೆ. ಡಬ್ಬದಲ್ಲಿ ಒಂದಕ್ಕೊಂದು ತಗುಲಿ ಅಂಚು ಹಾಳಾಗುತ್ತದೆಂದು ಗೊತ್ತಾದ ಮೇಲೆ ಒಳ್ಳೆಯವನ್ನು ಎಲೆಕ್ಟ್ರಿಕ್ ವೈರಿಂಗಿನ ಪಿವಿಸಿ ಪೈಪಿನ ತುಂಡುಗಳಲ್ಲಿ, ಚಿಕ್ಕವನ್ನು ಖಾಲಿ ಬಾಲ್‌ಪೆನ್ನಿನ ಕೊಳವೆಗಳಲ್ಲಿ ಎಣ್ಣೆ ಸವರಿ ಇಡುತ್ತೇನೆ.

ಒಂದು ಅವಮಾನದ ಕಥೆ ಹೇಳಲೇಬೇಕು. ನಮ್ಮ ತಂದೆಯ ಕಾಲದ ಟೇಬಲ್ ಫ್ಯಾನ್ ಒಂದಿತ್ತು, ತುಸು ಗರಗರ ಎನ್ನುತ್ತಿತ್ತು. ಬಿಚ್ಚಿ ನೋಡಿದರೆ ಬುಶ್, ಅಂದರೆ ಶಾಫ್ಟ್ ತಿರುಗುವ ಪುಟ್ಟ ಕೊಳವೆ, ಸವೆದಿದೆ. ಹೊಸ ಬುಶ್ ತಂದು ಅದರ ಗೂಡಿಗೆ ಒತ್ತಿ ಕೂರಿಸಿದೆ. ಒತ್ತಿ ಕೂರಿಸಿದಾಗ ಬುಶ್ಶಿನ ಒಳಗಾತ್ರ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಕೂರಿಸಿದ ಮೇಲೇ ರೀಮರ್ ಹಾಕಬೇಕು ಎಂದು ಆಗಷ್ಟೇ ಕಲಿತಿದ್ದೆ. ಉತ್ಸಾಹದಿಂದ 8ರ ಕೈ ರೀಮರ್ ಹಾಕಿದೆ. ಕನ್ನಡಿಯಂತೆ ಹೊಳೆಯಿತು. ಫ್ಯಾನ್ ಹನ್ನೊಂದು ದಿನ ಮೌನವಾಗಿ ತಿರುಗಿ, ಹನ್ನೆರಡನೇ ದಿನ ರಾತ್ರಿ ಬೆಕ್ಕಿನಂತೆ ಅರಚಿ ನಿಂತಿತು.

"ಮೊದಲೇ ತಿರುಗುತ್ತಿತ್ತಲ್ಲರೀ, ಅದಕ್ಕೆ ಯಾಕೆ ಕೈ ಹಾಕಿದಿರಿ?" ಎಂದಳು ನನ್ನಾಕೆ. ಉತ್ತರ ಇರಲಿಲ್ಲ.

ಅದು ಎರಕದ ಕಂಚಲ್ಲ. ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ, ಮೈಯೆಲ್ಲ ಸೂಕ್ಷ್ಮ ರಂಧ್ರಗಳಿರುವ ಬುಶ್. ಆ ರಂಧ್ರಗಳಲ್ಲಿ ಎಣ್ಣೆ ಕುಡಿದಿಟ್ಟುಕೊಂಡು, ತಿರುಗುವಾಗ ಶಾಫ್ಟಿಗೆ ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ನನ್ನ ರೀಮರ್, ಅದರಲ್ಲೂ ಉಕ್ಕಿನಲ್ಲಿ ಬಳಸಿ ಮೊಂಡಾಗಿದ್ದ ರೀಮರ್, ಆ ರಂಧ್ರಗಳ ಬಾಯನ್ನೆಲ್ಲ ಸಾರಿಸಿ ಮುಚ್ಚಿಬಿಟ್ಟಿತ್ತು. ಆ ಕನ್ನಡಿಯ ಹೊಳಪೇ ರೋಗ. ಅಂಥ ಬುಶ್ಶಿಗೆ ರೀಮರ್ ಮುಟ್ಟಿಸಬಾರದು. ಬೇಕಾದ ಗಾತ್ರದ ನುಣುಪಾದ ಉಕ್ಕಿನ ಪಿನ್ನಿನ ಮೇಲೆ ಬುಶ್ಶನ್ನು ಏರಿಸಿ, ಪಿನ್ನಿನ ಸಮೇತ ಒತ್ತಿ ಕೂರಿಸಿ, ಪಿನ್ ಎಳೆದುಕೊಂಡರೆ ಗಾತ್ರ ತಾನಾಗಿ ಬರುತ್ತದೆ. ಎರಡನೇ ಬುಶ್ಶನ್ನು ಹಾಗೆಯೇ ಹಾಕಿದೆ. ಫ್ಯಾನ್ ಈಗಲೂ ನಡೆಯುತ್ತಿದೆ, ತುಸು ಗರಗರ ಎನ್ನುತ್ತದೆ.

ಈ ಘಟನೆಯ ನಂತರ ರೀಮರುಗಳನ್ನು ಬೇರ್ಪಡಿಸಿದೆ. ಹೊಸದು ಮೊದಲು ಹಿತ್ತಾಳೆ, ಕಂಚಿಗೆ. ಅದರ ಹರಿತ ಮೊದಲ ಮೆರುಗು ಕಳೆದುಕೊಂಡ ಮೇಲೆ ಉಕ್ಕಿಗೆ. ಕಂಚಿನವಕ್ಕೆ ಹಿಡಿಯ ಮೇಲೆ ಮಗಳ ಉಗುರುಬಣ್ಣದ ಒಂದು ಚುಕ್ಕೆ.

ರೀಮರ್ ಎಂದರೆ ನಾನು ಹೇಳುತ್ತಿರುವ ಈ ನೇರ ಸಲಾಕೆಗಳಷ್ಟೇ ಅಲ್ಲ. ಕಲಾಸಿಪಾಳ್ಯದ ಕಡೆ ಲಾರಿ ಮೆಕ್ಯಾನಿಕ್ಕುಗಳು ಮುಂಚಕ್ರ ಹೊರಳುವ ಕಿಂಗ್ ಪಿನ್ನಿನ ಬುಶ್ಶಿಗೆ ರೀಮರ್ ಹೊಡೆಯುವುದನ್ನು ನಿಂತು ನೋಡಿದ್ದೇನೆ. ಓರೆ ಸಂದುಗಳಲ್ಲಿ ಬ್ಲೇಡುಗಳಿದ್ದು, ನಟ್ ತಿರುಗಿಸಿದಂತೆ ಗಾತ್ರ ಹಿಗ್ಗುವ ಅಡ್ಜಸ್ಟಬಲ್ ರೀಮರ್ ಅದು. ನಟ್ ಒಂದಿಷ್ಟು ತಿರುಗಿಸುವುದು, ಒಂದು ಸಲ ಎಳೆಯುವುದು, ಪಿನ್ ಹಾಕಿ ನೋಡುವುದು, ಮತ್ತೆ ನಟ್. ಮೈಕ್ರೋಮೀಟರಿನ ಸುದ್ದಿಯೇ ಇಲ್ಲ. ಹೆಬ್ಬೆರಳಿನ ಒತ್ತಡಕ್ಕೆ ಪಿನ್ ಹೋದರೆ ಸರಿ, ತಾನಾಗಿ ಬಿದ್ದರೆ ತಪ್ಪು. ಇನ್ನು ತಂಗಿಯ ಮಗಳ ಪಿಟೀಲಿನ ಬಿರಡೆ ಶ್ರುತಿ ನಿಲ್ಲದೆ ಜಾರುತ್ತಿದೆ ಎಂದಾಗ ವಾದ್ಯ ರಿಪೇರಿ ಮಾಡುವವರ ಬಳಿ ಹೋಗಿದ್ದೆ. ಅವರು ಡ್ರಾಯರಿನಿಂದ ತೆಗೆದದ್ದೂ ರೀಮರ್! ಮೂವತ್ತು ಮಿಲಿಮೀಟರಿಗೆ ಒಂದು ಮಿಲಿಮೀಟರ್ ಸಣ್ಣದಾಗುವ ಓರೆ ರೀಮರ್. ಎರಡೇ ಸುತ್ತು, ಬೆರಳ ತುದಿಯಲ್ಲಿ. ಆಮೇಲೆ ಬಿರಡೆಗೆ ಸೀಮೆಸುಣ್ಣ, ಸೋಪು. ನಮ್ಮ ಯಂತ್ರಗಳಲ್ಲಿ ಭಾಗಗಳನ್ನು ಬಿಗಿಯುವ ಟೇಪರ್ ಪಿನ್ನಿಗೆ (ಓರೆ ಪಿನ್ನಿಗೆ) ಆ ಓರೆ ಐವತ್ತಕ್ಕೆ ಒಂದು. ಬಿರಡೆ ತಿರುಗಿಸಿದಾಗ ತಿರುಗಬೇಕು, ಬಿಟ್ಟಾಗ ನಿಲ್ಲಬೇಕು. ಪಿನ್ ಹೊಡೆದರೆ ಹೋಗಬೇಕು, ಹಿಂದಿನಿಂದ ಹೊಡೆಯುವ ತನಕ ಬರಬಾರದು. ನಾನು ಆ ದಿನ ಪಿಟೀಲಿಗಿಂತ ರೀಮರನ್ನೇ ಹೆಚ್ಚು ಹೊತ್ತು ನೋಡಿದೆನೆಂದು ತಂಗಿಯ ಮಗಳು ಈಗಲೂ ಆಡಿಕೊಳ್ಳುತ್ತಾಳೆ.

ತೀರಾ ವಿಚಿತ್ರ ಗಾತ್ರ ಒಂದೇ ಸಲಕ್ಕೆ ಬೇಕಾದರೆ ಕೊಳ್ಳುವುದಿಲ್ಲ, ಮಾಡಿಕೊಳ್ಳುತ್ತೇನೆ. ಆ ಗಾತ್ರಕ್ಕೆ ತಿರುವಿದ ಸಿಲ್ವರ್ ಸ್ಟೀಲ್ (ಹೆಸರಿಗಷ್ಟೇ ಬೆಳ್ಳಿ, ಕಾಯಿಸಿ ಗಡುಸು ಮಾಡಬಹುದಾದ ಉಕ್ಕು) ಸಲಾಕೆಯ ತುದಿಯನ್ನು ಅರದಿಂದ ಉದ್ದಕ್ಕೆ ಅರ್ಧ ಸೀಳಿದಂತೆ ತೆಗೆದು, ಅರ್ಧಕ್ಕಿಂತ ಕೂದಲಷ್ಟು ಹೆಚ್ಚು ಉಳಿಸಿ, ಕೆಂಪಗೆ ಕಾಯಿಸಿ ಅದ್ದಿ, ಮತ್ತೆ ಮೆಲ್ಲಗೆ ಒಣಹುಲ್ಲಿನ ಬಣ್ಣಕ್ಕೆ ಕಾಯಿಸಿದರೆ ಡಿ-ಬಿಟ್ ತಯಾರು. ಒಂದೇ ಅಂಚು, ನೋಡಲು ಬಡಪಾಯಿ. ಆದರೆ ಆಚೆ ಬದಿಗೆ ಹೊರಬರದ ಕುರುಡು ತೂತಿನ ತಳದವರೆಗೂ ಚಪ್ಪಟೆಯಾಗಿ ಕೊರೆಯುತ್ತದೆ. ಕೈ ರೀಮರಿನ ಮುಂತುದಿ ಉದ್ದಕ್ಕೆ ಓರೆಯಾಗಿರುವುದರಿಂದ ಅದಕ್ಕೆ ಇದು ಸಾಧ್ಯವಿಲ್ಲ.

ಎಣ್ಣೆಯ ವಿಷಯ ಕೊನೆಗೆ ಉಳಿಯಿತು. ಬೀಡು ಕಬ್ಬಿಣಕ್ಕೆ, ಹಿತ್ತಾಳೆಗೆ ಎಣ್ಣೆ ಬೇಡ. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ. ಉಕ್ಕಿಗೆ ಮಾತ್ರ ಎಣ್ಣೆ ಇಲ್ಲದೆ ಆಗದು. ಇಲ್ಲದಿದ್ದರೆ ಚೂರುಗಳು ಹಲ್ಲಿಗೆ ಬೆಸುಗೆಯಂತೆ ಅಂಟಿ ಗೋಡೆಯನ್ನು ಹರಿಯುತ್ತವೆ, ತೂತು ಹಿಗ್ಗುತ್ತದೆ. ಹಳೆಯ ಕಾಲದಲ್ಲಿ ಇದಕ್ಕೆ ಹಂದಿಯ ಕೊಬ್ಬಿನ ಎಣ್ಣೆಯೇ ಶ್ರೇಷ್ಠ ಎನ್ನುತ್ತಿದ್ದರು. ಜಿಡ್ಡಿನ ಎಣ್ಣೆಗಳು ಲೋಹಕ್ಕೆ ಅಂಟಿ ನಿಲ್ಲುವ ಗುಣ ಖನಿಜ ತೈಲಕ್ಕೆ ಅಷ್ಟಿಲ್ಲ. ನಮ್ಮ ಮನೆಯಲ್ಲಿ ಹಂದಿಯ ಕೊಬ್ಬಿನ ಹೆಸರು ಎತ್ತುವಂತಿಲ್ಲ. ಕಟಿಂಗ್ ಆಯಿಲ್ ಮುಗಿದಿದ್ದ ಒಂದು ದಿನ ಅಡುಗೆಮನೆಯಿಂದ ಕರಿದು ಉಳಿದ ಕಡಲೆಕಾಯಿ ಎಣ್ಣೆ ತಂದು ಹಾಕಿದೆ. ಅದ್ಭುತವಾಗಿ ಕೆಲಸ ಮಾಡಿತು. ಒರೆಸದೆ ಬಿಟ್ಟರೆ ವಾರದಲ್ಲಿ ಅಂಟಂಟಾಗುತ್ತದೆ, ಅದೊಂದೇ ದೋಷ.

ಕಳೆದ ಸಂಕ್ರಾಂತಿಯ ಮಾರನೇ ದಿನ ಫೋರ್‌ಮನ್ ಮನೆಗೆ ಬಂದಿದ್ದರು. ಎಂಬತ್ತು ದಾಟಿದ್ದಾರೆ, ವಿದ್ಯಾರಣ್ಯಪುರದಲ್ಲಿ ಮಗನ ಜೊತೆ ಇದ್ದಾರೆ. ಎಳ್ಳು ಬೆಲ್ಲ ಕೊಟ್ಟು, ಕಾಫಿ ಕುಡಿಸಿ, ಗ್ಯಾರೇಜಿಗೆ ಕರೆದುಕೊಂಡು ಹೋದೆ. ಎರಡು ತಟ್ಟೆ, ಒಂದು ಪಿನ್ ತೋರಿಸಿದೆ. ಮೇಲಿನದಕ್ಕೆ 10, ಕೆಳಗಿನದಕ್ಕೆ 9.98. ಅವರು ಕನ್ನಡಕ ಏರಿಸಿ, ಪಿನ್ನಿನ ಮೇಲಿನ ತಟ್ಟೆಯನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು. ಮೇಲಕ್ಕೆ ಎಳೆದರು. ಪಿನ್ನಿನ ತುದಿಯಿಂದ ತಟ್ಟೆ ಬಿಡುವಾಗ 'ಪುಕ್' ಎಂದು ಸಣ್ಣಗೆ ಗಾಳಿಯ ಸದ್ದಾಯಿತು. ಕೆಳಗಿನ ತಟ್ಟೆಯಲ್ಲಿ ಕಚ್ಚಿ ನಿಂತ ಪಿನ್ನನ್ನು ಅಲ್ಲಾಡಿಸಲು ನೋಡಿದರು. ಬೆಳಕಿಗೆ ಹಿಡಿದು ತೂತಿನೊಳಗೆ ಇಣುಕಿದರು. ನಾನು ಕಾಯುತ್ತಾ ನಿಂತಿದ್ದೆ.

ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಏನು ಸ್ವಾಮಿ," ಎಂದರು, "ಇದರಲ್ಲಿ ಬೋಂಡ ಕರಿದಿರಾ?"